ಚಿಕ್ಕ ರೈಲಿಗೆ ಬಣ್ಣ

ಒಂದು ವಸ್ತುವನ್ನು ಮಾಡುವುದು ಬೇರೆ, ಮಾಡಿ ಮುಗಿಸುವುದು ಬೇರೆ. ಗಣಪತಿಯ ಮೂರ್ತಿಯನ್ನು ತಿದ್ದುವವನು ಕಣ್ಣು ಬರೆಯುವ ಕೆಲಸವನ್ನು ಎಲ್ಲಕ್ಕೂ ಕೊನೆಗೆ ಇಟ್ಟುಕೊಳ್ಳುತ್ತಾನೆ. ಆ ಕೆಲಸಕ್ಕೆ ಕುಳಿತಾಗ ಮಾತನಾಡುವುದಿಲ್ಲ. ಆದರೆ ನಮ್ಮ ಶಾಲೆಗಳ ಕೈಕೆಲಸದ ತಾಸಿನಲ್ಲಿ ಬಣ್ಣವೆಂಬುದು ಗಂಟೆ ಬಾರಿಸುವ ಮುನ್ನ ಉಳಿಯುವ ಹತ್ತು ನಿಮಿಷಗಳ ಸಂಗತಿ. ಕತ್ತರಿಸಿದ್ದಾಯಿತು, ಅಂಟಿಸಿದ್ದಾಯಿತು, ಇನ್ನು ಯಾವುದಾದರೊಂದು ಬಣ್ಣ ಬಳಿದುಬಿಡಿರಿ ಎಂದು ನಾವು ಹೇಳುತ್ತೇವೆ. ಹುಡುಗರೂ ಹಾಗೆಯೇ ಬಳಿದುಬಿಡುತ್ತಾರೆ. ಈ 'ಯಾವುದಾದರೊಂದು' ಎಂಬ ಮಾತಿನ ಹಿಂದೆ ಎಷ್ಟು ವಿಚಾರ ಅಡಗಿದೆ ಎಂಬುದನ್ನು ಒಂದು ಪುಟ್ಟ ರೈಲುಗಾಡಿ ನಮಗೆ ಕಲಿಸಿತು. ಅದನ್ನು ಸಹೋದ್ಯೋಗಿ ಬಂಧುಗಳ ಮುಂದೆಯೂ ಬಾಲವಾಚಕರ ಮುಂದೆಯೂ ಇಡಬೇಕೆಂಬುದೇ ಈ ಬರಹದ ಉದ್ದೇಶ.

ಗೋವೆಯ ಕನ್ನಡಿಗರಿಗೆ ರೈಲು ಬರಿಯ ವಾಹನವಲ್ಲ. ಮುರಗಾಂವ ಬಂದರಿನಿಂದ ವಾಸ್ಕೊ, ಮಡಗಾಂವ, ಕುಳೆಗಳನ್ನು ಹಾಯ್ದು ಘಟ್ಟವನ್ನೇರಿ ಕ್ಯಾಸಲ್‌ರಾಕ್ ಸೇರುವ ಹಳಿಯೇ ನಮ್ಮ ಊರುಗಳಿಗೂ ಈ ನಾಡಿಗೂ ಇರುವ ಹಳೆಯ ಕೊಂಡಿ. ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಆದ ಒಪ್ಪಂದದ ಫಲವಾಗಿ ಇದು ಹುಟ್ಟಿತು. 1888ರಲ್ಲಿ ಸಂಚಾರಕ್ಕೆ ತೆರೆಯಿತು. ಕುಳೆಯಿಂದ ಮೇಲೆ ದೂಧಸಾಗರದ ಬದಿಯಲ್ಲಿ 37 ಅಡಿ ಸಾಗಿದರೆ 1 ಅಡಿ ಏರುವಂಥ ಕಡಿದಾದ ದಾರಿ. ಆದ್ದರಿಂದ ಭಾರವಾದ ಗಾಡಿಗಳಿಗೆ ಹಿಂದಿನಿಂದಲೂ ಎಂಜಿನ್ ಕಟ್ಟಿ ನೂಕಬೇಕಾಗುತ್ತದೆ. 1990ರ ದಶಕದವರೆಗೆ ಇದು ಮೀಟರ್‌ಗೇಜ್ ಹಳಿಯಾಗಿತ್ತು. ಎಂದರೆ ಎರಡು ಕಂಬಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರು. ಆಮೇಲೆ ಅದು 1676 ಮಿಲಿಮೀಟರಿನ ಅಗಲ ಹಳಿಯಾಯಿತು. ನನ್ನ ವರ್ಗದ ಮಕ್ಕಳಲ್ಲಿ ಅನೇಕರ ಅಜ್ಜ-ಅಜ್ಜಿಯರು ಬಂದದ್ದು ಆ ಚಿಕ್ಕ ಗಾಡಿಯಲ್ಲಿ. ಗದಗ, ಕೊಪ್ಪಳ, ಬಾಗಲಕೋಟೆಗಳ ಕಡೆಯಿಂದ ಒಂದು ಗಂಟು, ಒಂದು ರೊಟ್ಟಿಯ ಬುತ್ತಿ ಹಿಡಿದು ಬಂದವರು ಅವರು. ಆ ಗಾಡಿ ಈಗ ಇಲ್ಲ. ಮಕ್ಕಳು ಅದನ್ನು ಕಂಡಿಲ್ಲ. ಆದುದರಿಂದ ಪ್ರದರ್ಶನಕ್ಕೆ ಏನು ಮಾಡೋಣವೆಂದು ಕೇಳಿದಾಗ, "ಅಜ್ಜಿ ಬಂದ ರೈಲು ಮಾಡೋಣ, ಸರ" ಎಂದು ಒಬ್ಬಳು ಹೇಳಿದ ಕೂಡಲೆ ಉಳಿದವರೆಲ್ಲ ಒಪ್ಪಿದರು.

ಮೊದಲು ಪ್ರಮಾಣವನ್ನು ಗೊತ್ತುಮಾಡಬೇಕಾಯಿತು. ಮಾದರಿ ರೈಲಿನ ಹವ್ಯಾಸವುಳ್ಳವರು ಲೋಕದಲ್ಲೆಲ್ಲ ಹೆಚ್ಚಾಗಿ 87ರಲ್ಲಿ ಒಂದು ಪಾಲಿನ ಪ್ರಮಾಣವನ್ನು ಬಳಸುತ್ತಾರೆ. ಅದರ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರು. ಅಷ್ಟು ಸಣ್ಣ ಕೆಲಸ ಎಳೆಯ ಕೈಗಳಿಗೆ ಒಗ್ಗದೆಂದು ನಾವು 40ರಲ್ಲಿ ಒಂದನ್ನು ಆರಿಸಿದೆವು. ಲೆಕ್ಕವೂ ಸುಲಭ: ಒಂದು ಮೀಟರಿಗೆ 25 ಮಿಲಿಮೀಟರು. ಹತ್ತೊಂಬತ್ತೂವರೆ ಮೀಟರಿನ ಡಬ್ಬಿ ಅರ್ಧ ಮೀಟರಿಗೆ ತುಸು ಕಡಿಮೆಯಾಗುತ್ತದೆ. ಹಗುರವಾದ ಮರ, ದಪ್ಪ ರಟ್ಟು, ಊದುಬತ್ತಿಯ ಕಡ್ಡಿ ಇವುಗಳಿಂದ ಎರಡು ಡಬ್ಬಿಗಳೂ ಒಂದು ಉಗಿಬಂಡಿಯೂ ಸಿದ್ಧವಾದವು. ಇಲ್ಲಿಗೆ ಕೆಲಸ ಮುಗಿಯಿತೆಂದೇ ಹುಡುಗರು ತಿಳಿದಿದ್ದರು.

ಕುಂಚದಿಂದ ಒಂದು ಚೂರು ರಟ್ಟಿಗೆ ಬಣ್ಣ ಬಳಿದು ನೋಡಿದಾಗ ಸಮಸ್ಯೆ ಗೋಚರವಾಯಿತು. ಕುಂಚದ ಕೂದಲು ಎಳೆದ ಗೀರುಗಳು ಹೊಲದ ಸಾಲುಗಳಂತೆ ಎದ್ದು ಕಾಣುತ್ತಿದ್ದವು. ಕಿಟಕಿಯ ಮೂಲೆಗಳಲ್ಲಿ ಬಣ್ಣ ಕಟ್ಟಿಕೊಂಡಿತ್ತು. ಇದನ್ನೇ ಒಂದು ಲೆಕ್ಕವಾಗಿ ಹಲಗೆಯ ಮೇಲೆ ಬರೆದೆ. ಬಣ್ಣದ ಪದರು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ದಪ್ಪವಿದ್ದರೆ, ನಿಜವಾದ ಗಾಡಿಯ ಮೇಲೆ ಅದು ಎಷ್ಟಾದೀತು? ನಲವತ್ತರಿಂದ ಗುಣಿಸಿದರೆ ನಾಲ್ಕು ಮಿಲಿಮೀಟರು! ಗೋಡೆಗೆ ಗಿಲಾವು ಮಾಡಿದಂತೆ ಬಣ್ಣ ಮೆತ್ತಿಕೊಂಡು ಓಡಾಡುವ ರೈಲನ್ನು ಯಾರು ತಾನೆ ಕಂಡಿದ್ದಾರೆ? ವಸ್ತುವನ್ನು ಚಿಕ್ಕದಾಗಿ ಮಾಡಬಹುದು, ಬಣ್ಣದ ದಪ್ಪವನ್ನು ಚಿಕ್ಕದಾಗಿ ಮಾಡುವುದು ಕಷ್ಟ ಎಂಬ ಸತ್ಯ ಆ ದಿನ ನಮಗೆ ಹೊಳೆಯಿತು. ಮಾದರಿ ಮಾಡುವವರು ಬಣ್ಣವನ್ನು ಊದಿ ಹಚ್ಚುವುದೇತಕ್ಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಬಣ್ಣ ಊದುವ ಆ ಚಿಕ್ಕ ಸಾಧನಕ್ಕೆ ಏರ್‌ಬ್ರಷ್ ಎಂದು ಹೆಸರು. ನಮ್ಮ ಹುಡುಗರು ಅದನ್ನು 'ಗಾಳಿಕುಂಚ'ವೆಂದು ಕರೆದರು. ನಾನೂ ಹಾಗೆಯೇ ಕರೆಯುವೆನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಈ ಸಾಧನವನ್ನು ಮೊದಮೊದಲು ಭಾವಚಿತ್ರಗಳನ್ನು ತಿದ್ದಲು ಬಳಸುತ್ತಿದ್ದರು. ನೋಡಲು ದಪ್ಪನೆಯ ಲೇಖನಿಯಂತಿರುತ್ತದೆ. ಅದರ ತತ್ತ್ವವನ್ನು ಕಾಸು ಖರ್ಚಿಲ್ಲದೆ ವರ್ಗದಲ್ಲಿಯೇ ತೋರಿಸಬಹುದು. ಒಂದು ಲೋಟ ನೀರಿನಲ್ಲಿ ಹೀರುಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿರಿ. ಇನ್ನೊಂದು ಕೊಳವೆಯನ್ನು ಅಡ್ಡಲಾಗಿ ಹಿಡಿದು ಅದರ ಬಾಯಿ ಮೊದಲಿನ ಕೊಳವೆಯ ತುದಿಗೆ ತಾಕುವಂತೆ ಇಟ್ಟು ಜೋರಾಗಿ ಊದಿರಿ. ವೇಗವಾಗಿ ಹರಿಯುವ ಗಾಳಿ ನಿಂತ ಕೊಳವೆಯ ತುದಿಯಲ್ಲಿ ಒತ್ತಡವನ್ನು ತಗ್ಗಿಸುತ್ತದೆ. ನೀರು ಮೇಲೇರಿ ತುಂತುರಾಗಿ ಚಿಮ್ಮುತ್ತದೆ. ಈ ಪ್ರಯೋಗ ಮಾಡಿದ ದಿನ ಮುಂದಿನ ಸಾಲಿನವರೆಲ್ಲ ಒದ್ದೆಯಾದರು. ಆದರೆ ಪಾಠವನ್ನು ಯಾರೂ ಮರೆಯಲಿಲ್ಲ.

ಇನ್ನು ಆಯ್ಕೆಯ ಮಾತು. ಗಾಳಿಕುಂಚಗಳಲ್ಲಿ ಭೇದಗಳುಂಟು. ಒಂದು ಬಗೆಯಲ್ಲಿ ಗುಂಡಿಯನ್ನೊತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೆ ಬರುತ್ತವೆ. ಬಣ್ಣ ಎಷ್ಟು ಬರಬೇಕೆಂಬುದನ್ನು ತಿರುಪಿನಿಂದ ಮೊದಲೇ ಗೊತ್ತುಮಾಡಿಟ್ಟಿರಬೇಕು. ಮತ್ತೊಂದು ಬಗೆಯಲ್ಲಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಕೈ ಪಳಗಿದವರು ಇದರಿಂದ ಕೂದಲೆಳೆಯಷ್ಟು ತೆಳು ಗೆರೆಯನ್ನೂ ಎಳೆಯಬಲ್ಲರು. ಬಣ್ಣದ ಬಟ್ಟಲು ಮೇಲಿದ್ದರೆ ಅದು ತನ್ನ ಭಾರದಿಂದಲೇ ಇಳಿಯುವುದರಿಂದ ಕಡಿಮೆ ಒತ್ತಡ ಸಾಕು. ಚದರ ಅಂಗುಲಕ್ಕೆ 15ರಿಂದ 20 ಪೌಂಡು. ಬುಡ್ಡಿ ಕೆಳಗಿದ್ದರೆ ಬಣ್ಣವನ್ನು ಮೇಲಕ್ಕೆ ಹೀರಬೇಕಾಗುವುದರಿಂದ ಒತ್ತಡ ತುಸು ಹೆಚ್ಚಿರಬೇಕು. ಆದರೆ ಬುಡ್ಡಿ ಬದಲಿಸಿ ಬಣ್ಣ ಬದಲಿಸುವುದು ಸುಲಭ. ಮೂತಿಯ ರಂಧ್ರವೂ 0.2, 0.3, 0.5 ಮಿಲಿಮೀಟರು ಎಂದು ಬೇರೆ ಬೇರೆ. ಸಣ್ಣ ರಂಧ್ರದಿಂದ ಸೂಕ್ಷ್ಮ ಕೆಲಸ ಸಾಧ್ಯ, ಆದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಮೂವತ್ತು ಮಕ್ಕಳ ಕೈಯಲ್ಲಿ ಆಡಬೇಕಾದ ಸಾಧನ ನಾಜೂಕಿನದಾದರೆ ನಡೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬಂತೆ, ಒಂದೇ ಚಲನೆಯ, ಕೆಳಬುಡ್ಡಿಯ, 0.5 ಮಿಲಿಮೀಟರು ಮೂತಿಯ ಸಾಧಾರಣ ಗಾಳಿಕುಂಚವೇ ನಮಗೆ ಯೋಗ್ಯವೆಂದು ತೀರ್ಮಾನಿಸಿದೆವು.

ಈ ತೀರ್ಮಾನಕ್ಕೆ ಬರುವಲ್ಲಿ ನಮಗೆ ಗುರುವಾದವರು ಒಬ್ಬ ವಿದ್ಯಾರ್ಥಿಯ ತಂದೆ. ಬಾಗಲಕೋಟೆಯ ಕಡೆಯ ಅವರು ಇಪ್ಪತ್ತು ವರ್ಷ ಕಬ್ಬಿಣದ ಸಾಮಾನುಗಳಿಗೂ ಮೋಟಾರುಗಳಿಗೂ ಗನ್ನಿನಿಂದ ಬಣ್ಣ ಹೊಡೆದವರು. ಈಗ ಆ ಕೆಲಸ ಬಿಟ್ಟು ಕಾವಲುಗಾರರಾಗಿದ್ದಾರೆ. ಒಂದು ಮಹಡಿ ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮಗನ ಮೂಲಕ ಹೇಳಿಕಳುಹಿಸಿದಾಗ ಅವರು ಒಂದು ಶನಿವಾರ ಶಾಲೆಗೆ ಬಂದರು. ಮೊದಲು ರೈಲನ್ನು ನೋಡಿದರು, ಆಮೇಲೆ ನಾನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಬಣ್ಣದ ಡಬ್ಬಿಗಳನ್ನು ನೋಡಿದರು. ಅದರಲ್ಲೊಂದನ್ನು ಎತ್ತಿ ಬದಿಗಿಟ್ಟು, "ಮಾಸ್ತರ, ಇದು ಡ್ಯೂಕೋ. ಇದನ್ನ ಮಕ್ಕಳ ಮುಂದ ಬಿಚ್ಚಬ್ಯಾಡ್ರಿ" ಎಂದರು. ಆ ಸ್ವರದಲ್ಲಿ ವಿನಂತಿಯೂ ಇತ್ತು, ಆಜ್ಞೆಯೂ ಇತ್ತು.

ಅವರು ಹೇಳಿದುದನ್ನೂ ಪುಸ್ತಕಗಳಿಂದ ತಿಳಿದುಕೊಂಡುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಮಾದರಿಗಳಿಗೆ ಬಳಸುವ ಬಣ್ಣಗಳು ಸ್ಥೂಲವಾಗಿ ಮೂರು. ಮೋಟಾರಿಗೆ ಹೊಡೆಯುವ ಲ್ಯಾಕರ್ ಜಾತಿಯ ಬಣ್ಣ ಥಿನ್ನರಿನಲ್ಲಿ ಕರಗುವಂಥದು. ಕ್ಷಣದಲ್ಲಿ ಒಣಗುತ್ತದೆ, ತೆಳ್ಳಗೆ ಕೂರುತ್ತದೆ, ಆದರೆ ಅದರ ಆವಿ ಮಿದುಳಿಗೂ ಶ್ವಾಸಕ್ಕೂ ಕೆಟ್ಟದ್ದು. ಗೋವೆಯಂಥ ಕರಾವಳಿಯಲ್ಲಿ ಅದಕ್ಕೆ ಇನ್ನೊಂದು ದೋಷ: ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಹೊಡೆದರೆ, ಥಿನ್ನರು ಆರುವಾಗ ಮೇಲ್ಮೈ ತಂಪಾಗಿ ನೀರಿನ ಹನಿಗಳು ಹಿಡಿದು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಎರಡನೆಯದು ಎನಾಮಲ್; ಟರ್ಪೆಂಟೈನಿನಲ್ಲಿ ತೆಳುಮಾಡುವಂಥದು, ಗಟ್ಟಿ, ಹೊಳಪುಳ್ಳದ್ದು, ಆದರೆ ಒಣಗಲು ದಿನವಿಡೀ ಬೇಕು; ಅಷ್ಟರಲ್ಲಿ ನಮ್ಮ ಕೆಂಪು ಮಣ್ಣಿನ ಧೂಳು ಅದರ ಮೇಲೆ ಕುಳಿತಿರುತ್ತದೆ. ಮೂರನೆಯದು ನೀರಿನಲ್ಲಿ ತೆಳುವಾಗುವ ಅಕ್ರಿಲಿಕ್. ಇದು ಮೂತಿಯಲ್ಲಿ ಒಣಗಿ ಕಟ್ಟಿಕೊಳ್ಳುವುದುಂಟು, ನಯದಲ್ಲಿಯೂ ಮೊದಲಿನವುಗಳಿಗೆ ಸ್ವಲ್ಪ ಕಡಿಮೆಯೇ. ಆದರೆ ಥಿನ್ನರಿನ ಹೊಗೆಯಿಲ್ಲ, ಕೈ ತೊಳೆಯಲು ನೀರು ಸಾಕು.

ಮೋಟಾರುಗಳಿಗೆ ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಮತ್ತೊಂದು ಬಗೆಯ ಬಣ್ಣವುಂಟು. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದರ ತುಂತುರನ್ನು ಉಸಿರಾಡಿದವರಿಗೆ ಉಬ್ಬಸ ಬರುವುದುಂಟು; ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡುತ್ತದೆ. ಇದಕ್ಕೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಪೂರೈಸುವ ಮುಖವಾಡವೇ ಬೇಕು. ಆ ತಂದೆಗೆ ಇಪ್ಪತ್ತು ವರ್ಷ ಸಿಕ್ಕಿದ್ದು ಮೂಗಿಗೆ ಕಟ್ಟಿಕೊಳ್ಳಲು ಒಂದು ಟವೆಲು. "ಬಣ್ಣ ಅರ್ಧ ಗಾಡಿಗಿ ಹತ್ತಿತು, ಅರ್ಧ ನನ್ನ ಎದಿಗಿ ಹತ್ತಿತು" ಎಂದು ಅವರು ನಗುತ್ತಲೇ ಹೇಳಿದರು. ಮಗ ನಗಲಿಲ್ಲ.

ಬಣ್ಣದ ಇನ್ನೊಂದು ಅಪಾಯವನ್ನು ಶಿಕ್ಷಕರಾದವರು ಅವಶ್ಯವಾಗಿ ತಿಳಿದಿರಬೇಕು. ಹಳದಿ, ಕಿತ್ತಳೆ ವರ್ಣಗಳ ಹೊಳಪಿಗಾಗಿ ಬಹುಕಾಲ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಇಷ್ಟು ಪ್ರಮಾಣ ಸುರಕ್ಷಿತ ಎನ್ನಬಹುದಾದ ಮಿತಿಯೇ ಕಂಡುಬಂದಿಲ್ಲ. ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಕೂಡದೆಂದು ವಿಧಿಸಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಆದುದರಿಂದ ಶಾಲೆಯ ಅಟ್ಟದಲ್ಲಿ ಉಳಿದಿರುವ ಹಳೆಯ ಡಬ್ಬಿಯನ್ನು 'ಇನ್ನೂ ಒಳ್ಳೆಯದಿದೆ' ಎಂದು ಮಕ್ಕಳ ಕೈಗೆ ಕೊಡುವುದು ಮಿತವ್ಯಯವಲ್ಲ.

ಹೀಗೆ ನಾವು ಅಕ್ರಿಲಿಕ್ ಬಣ್ಣವನ್ನೇ ಆರಿಸಿದೆವು. ನೀರಿನ ಬಣ್ಣವೆಂದು ಮೈಮರೆಯಲಿಲ್ಲ. ತುಂತುರು ಯಾವುದಾದರೂ ಶ್ವಾಸಕೋಶಕ್ಕೆ ಸಲ್ಲದು. ಊದುವವನೂ ಹತ್ತಿರ ನಿಂತವನೂ ಎನ್ 95 ಮುಖಗವಸು ಹಾಕಲೇಬೇಕೆಂದು ನಿಯಮವಾಯಿತು. ಆ ಗವಸು ಹನಿಯನ್ನು ತಡೆಯುತ್ತದೆ, ಥಿನ್ನರಿನ ಆವಿಯನ್ನು ತಡೆಯಲಾರದು ಎಂಬುದನ್ನೂ ಮಕ್ಕಳಿಗೆ ಹೇಳಿಕೊಟ್ಟೆ.

ಬಣ್ಣಕ್ಕೆ ಮೊದಲು ಅಸ್ತರು. ಮಾದರಿಯವರು ಇದನ್ನು ಪ್ರೈಮರ್ ಎನ್ನುತ್ತಾರೆ. ಆದರೆ ಈ ವಿವೇಕ ನಮ್ಮಲ್ಲಿ ಹೊಸದಲ್ಲ. ನಾನು ಹುಟ್ಟಿದ ಕೊಪ್ಪಳದ ಸೀಮೆಯಲ್ಲಿ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, 'ಕಿಟ್ಟ'ವನ್ನೂ ಅದರ ಮೇಲೆ ಕಲ್ಲಿನ ಪುಡಿಯ ಲೇಪವನ್ನೂ ಬಳಿದು, ಆಮೇಲೆ ವರ್ಣಕ್ಕೆ ಕೈಹಾಕುತ್ತಾರೆ. ಚನ್ನಪಟ್ಟಣದವರದು ಇದಕ್ಕೆ ತೀರ ಬೇರೆಯಾದ ದಾರಿ. ಅಲ್ಲಿ ಕುಂಚವೂ ಇಲ್ಲ, ತುಂತುರೂ ಇಲ್ಲ. ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಗೋವೆಯ ಕುಂಕಳ್ಳಿಯಲ್ಲಿಯೂ ನೆರೆಯ ಸಾವಂತವಾಡಿಯಲ್ಲಿಯೂ ಇಂಥ ಅರಗಿನ ಕೆಲಸದ ಪರಂಪರೆಯುಂಟು. ಗುಂಡಗಿನ ಚಕ್ರಕ್ಕೆ ಅದು ಸೊಗಸು. ಚೌಕನೆಯ ಡಬ್ಬಿ ಚರಕಿಯಲ್ಲಿ ತಿರುಗಲಾರದು. ಆದ್ದರಿಂದ ಪ್ರತಿಯೊಂದು ವಸ್ತುವಿನ ಆಕಾರವೇ ತನ್ನ ಬಣ್ಣದ ವಿಧಾನವನ್ನು ಕೇಳುತ್ತದೆ ಎನ್ನಬಹುದು. ನಾವು ಡಬ್ಬಿಗಳನ್ನು ಮರಳುಕಾಗದದಿಂದ ಉಜ್ಜಿ, ಬೂದುಬಣ್ಣದ ಅಸ್ತರು ಕೊಟ್ಟು, ಮತ್ತೆ ಉಜ್ಜಿದೆವು. ಅಸ್ತರಿನ ಮೇಲೆ ಒರಟುಗಳೆಲ್ಲ ಕಾಣಿಸಿಕೊಂಡವು; ತಿದ್ದಲು ಅದೇ ಸಮಯ.

ಇನ್ನು ಯಾವ ಬಣ್ಣ ಎಂಬ ಪ್ರಶ್ನೆ. ಈಗಿನ ಮಕ್ಕಳಿಗೆ ರೈಲೆಂದರೆ ನೀಲಿ ಅಥವಾ ಬೇರೊಂದು ಹೊಸ ಬಣ್ಣ. ಮೀಟರ್‌ಗೇಜಿನ ಕಾಲದ ಡಬ್ಬಿಗಳು ಕೆಂಪಗಿದ್ದವೆಂದು ಹಿರಿಯರೆಲ್ಲ ಹೇಳಿದರು. ಎಂಥ ಕೆಂಪು? ಇಟ್ಟಿಗೆಯಂತೆ ಎಂದರು ಒಬ್ಬರು, ಕುಂಕುಮದಂತೆ ಎಂದರು ಇನ್ನೊಬ್ಬರು. ಕೊನೆಗೆ, ಮದುವೆಯಾದ ಹೊಸತರಲ್ಲಿ ಗದಗಿನಿಂದ ಆ ಗಾಡಿಯಲ್ಲಿ ಬಂದ ಅಜ್ಜಿಯೊಬ್ಬರು, "ಬ್ಯಾಡಗಿ ಮೆಣಸಿನಕಾಯಿ ಐತಲ್ಲ, ಹೊಸಾದಲ್ಲ, ಒಂದ ವರ್ಷ ಇಟ್ಟಿದ್ದು, ಹಂಗಿತ್ತು" ಎಂದು ಹೇಳಿಕಳುಹಿಸಿ, ಜೊತೆಗೆ ಮೊಮ್ಮಗಳ ಕೈಯಲ್ಲಿ ನಾಲ್ಕು ಹಳೆಯ ಮೆಣಸಿನಕಾಯಿಗಳನ್ನೂ ಕೊಟ್ಟಿದ್ದರು! ಆ ಮೆಣಸಿನಕಾಯಿಯನ್ನು ಮುಂದಿಟ್ಟುಕೊಂಡು ಕೆಂಪಿಗೆ ಕಂದು, ತುಸು ಕಪ್ಪು ಬೆರೆಸಿದೆವು. ಆಮೇಲೆ ಒಂದು ಹನಿ ಬಿಳಿಯನ್ನೂ ಸೇರಿಸಿದೆವು. ಅದೇಕೆಂದರೆ ದೂರದಿಂದ ಕಾಣುವ ದೊಡ್ಡ ವಸ್ತುವಿನ ಬಣ್ಣ ನಡುವಿನ ಗಾಳಿಯಿಂದಾಗಿ ಮಾಸಿದಂತೆ ಕಾಣುತ್ತದೆ. ಚಿಕ್ಕ ಮಾದರಿಗೆ ಅಚ್ಚ ಬಣ್ಣವನ್ನೇ ಹಚ್ಚಿದರೆ ಅದು ಆಟಿಕೆಯಾಗಿ ತೋರುತ್ತದೆ. ಎಂಜಿನ್ನಿಗೂ ಕಡುಗಪ್ಪು ಹಚ್ಚದೆ ಬೂದು ಬೆರೆತ ಕಪ್ಪನ್ನೇ ಆರಿಸಿದೆವು. ಕಡುಗಪ್ಪು ಎಲ್ಲ ಕುಸುರಿಯನ್ನೂ ನುಂಗಿಬಿಡುತ್ತದೆ.

ಜನವರಿಯ ಒಣ ಬೆಳಗುಗಳಲ್ಲಿ ಶಾಲೆಯ ಹಿಂದಿನ ತೆರೆದ ಜಗಲಿಯಲ್ಲಿ ಕೆಲಸ ನಡೆಯಿತು. ಕಂಪ್ರೆಸರು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೋಟಾರಿನ ಹಳೆಯ ಚಕ್ರವೊಂದಕ್ಕೆ ಗಾಳಿ ತುಂಬಿ, ಅದರ ಬಾಯಿಗೆ ರಬ್ಬರಿನ ಕೊಳವೆ ಜೋಡಿಸಿಕೊಡುವ ಉಪಾಯವನ್ನು ಆ ತಂದೆಯೇ ಹೇಳಿದರು. ಅದು ಕೆಲವೇ ನಿಮಿಷ ಸಾಕಾಗುತ್ತಿತ್ತು. ಆಮೇಲೆ ಕಾಲುಪಂಪಿನಿಂದ ಹುಡುಗರು ಸರದಿಯಂತೆ ತುಂಬುತ್ತಿದ್ದರು. ಬಣ್ಣವನ್ನು ಹಾಲಿನಷ್ಟು ತೆಳುಮಾಡಿ, ತೆಳು ಬಟ್ಟೆಯಲ್ಲಿ ಸೋಸಿ ಬುಡ್ಡಿಗೆ ಹಾಕಿದೆವು. "ಕೈ ಮೊದಲ ಹೊಂಡಬೇಕು, ಬಣ್ಣ ಆಮ್ಯಾಲೆ; ಬಣ್ಣ ಮೊದಲ ನಿಲ್ಲಬೇಕು, ಕೈ ಆಮ್ಯಾಲೆ" ಎಂಬುದು ಅವರ ಸೂತ್ರ. ಡಬ್ಬಿಯ ತುದಿಗಿಂತ ಹೊರಗೆ ಆರಂಭಿಸಿ ಹೊರಗೆ ಮುಗಿಸಬೇಕು. ಪ್ರತಿ ಪಟ್ಟಿ ಹಿಂದಿನ ಪಟ್ಟಿಯ ಅರ್ಧವನ್ನು ಮುಚ್ಚಬೇಕು. ಒಂದೇ ಸಲ ತುಂಬಲು ಹೋಗದೆ ಮೂರು ನಾಲ್ಕು ತೆಳು ಪದರು ಕೊಡಬೇಕು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಅವರು ಗಾಳಿಗೆ ಎದುರಾಗದಂತೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಕೈಸನ್ನೆಯಿಂದ ಹೇಳಿಕೊಡುತ್ತಿದ್ದರು.

ಅವರ ಮಗನ ಸರದಿ ಬಂದಾಗ ಒಂದು ವಿಶೇಷ ಕಂಡಿತು. ಯಾರೂ ಹೇಳಿಕೊಡದೆಯೇ ಅವನ ಮಣಿಕಟ್ಟು ಬಾಗದೆ ನೇರವಾಗಿ ಸಾಗುತ್ತಿತ್ತು. ಮೊದಲ ಪಟ್ಟಿಯೇ ಕೆನೆಯಂತೆ ಕೂತಿತು. ಗವಸು ಸರಿಸದೆಯೇ ಅವನು, "ದೊಡ್ಡವನಾದ ಮ್ಯಾಲೆ ನಾನೂ ಇದೇ ಕೆಲಸ ಮಾಡ್ತೀನಿ, ಸರ" ಎಂದ. ನಾನು ತಂದೆಯ ಮುಖವನ್ನು ನೋಡಿದೆ. ಆ ಮನೆಯಿಂದ ಉಸಿರನ್ನು ಕಸಿದುಕೊಂಡ ಕಸಬಿನ ಕಡೆಗೇ ಹುಡುಗನನ್ನು ನಾನು ತಿರುಗಿಸುತ್ತಿರುವೆನೆ ಎಂಬ ಅಳುಕು ಆ ಕ್ಷಣ ನನ್ನಲ್ಲಿ ಹುಟ್ಟಿತು. ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ. ಕೈಯ ಕೆಲಸ ಕಲಿಸಬೇಕೆಂದು ಹೇಳುವುದು ಸುಲಭ. ಆ ಕೈಯ ಹಿಂದಿರುವ ಎದೆಯ ಗತಿ ಏನೆಂದು ಯಾವ ಪಠ್ಯಕ್ರಮವೂ ಕೇಳುವುದಿಲ್ಲ.

ತಂದೆ ಬಹಳ ಹೊತ್ತು ಸುಮ್ಮನಿದ್ದು, "ಮಾಡಲಿ ಬಿಡ್ರಿ ಮಾಸ್ತರ. ಕೆಲಸ ಕೆಟ್ಟದ್ದಲ್ಲ. ನಮಗ ಹೇಳವ್ರು ಇರಲಿಲ್ಲ, ಇವಂಗ ಅದಾರ" ಎಂದರು. ಆ 'ಅದಾರ' ಎಂಬ ಮಾತಿನ ಭಾರ ನನ್ನ ಹೆಗಲ ಮೇಲೆ ಇನ್ನೂ ಇದೆ.

ರೈಲು ಚೆನ್ನಾಗಿಯೇ ಆಯಿತು. ಹಳದಿಯ ಅಕ್ಷರಗಳನ್ನು ಕುಂಚದಿಂದಲೇ ಬರೆದೆವು. ಗಾಲಿಗಳ ಬಳಿ ಶಾಲೆಯಂಗಳದ ಕೆಂಪು ಮಣ್ಣನ್ನು ಸೋಸಿ ಉದುರಿಸಿದೆವು. ಇದನ್ನೋದಿ ಯಾವ ಶಿಕ್ಷಕರೂ ಗಾಳಿಕುಂಚ ಕೊಳ್ಳಲು ಅವಸರಪಡಬೇಕಾಗಿಲ್ಲ. ಹಣವಿಲ್ಲದಿದ್ದರೆ ಮೆತ್ತನೆಯ ಅಗಲ ಕುಂಚದಿಂದ ತೆಳು ಬಣ್ಣವನ್ನು ನಾಲ್ಕು ಪದರು ಹಚ್ಚಿದರೂ ಕೆಲಸ ಸಾಗುತ್ತದೆ. ಸಾಧನವಿದ್ದವರು ಕೆಲಸ ಮುಗಿದ ಕೂಡಲೆ ಸೂಜಿಯನ್ನು ಹೊರತೆಗೆದು ನೀರಿನಿಂದ ತೊಳೆಯಿರಿ. ಒಂದು ತಾಸು ಉದಾಸೀನ ಮಾಡಿದರೆ ಮರುದಿನ ಅದು ಉಪಯೋಗಕ್ಕೆ ಬಾರದು. ಆದರೆ ಒಂದು ಮಾತನ್ನು ಮಾತ್ರ ಎಲ್ಲರಲ್ಲಿಯೂ ವಿನಂತಿಸಿಕೊಳ್ಳುತ್ತೇನೆ. ಬಣ್ಣದ ಡಬ್ಬಿಯನ್ನು ಕೊಳ್ಳುವಾಗ ಮುಂಭಾಗದ ಚಿತ್ರವನ್ನು ನೋಡಿ ಮರುಳಾಗದೆ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿರಿ, ಮಕ್ಕಳಿಂದಲೂ ಓದಿಸಿರಿ. ಓದಲು ಕಲಿಸುವುದೇ ನಮ್ಮ ಕಸಬಲ್ಲವೆ?